ಜಾಲತಾಣದ ಕನ್ನಡವೂ ದೃಷ್ಟಿಹೀನ ವಾಚಕರೂ

ಅಕ್ಷರವು ಎರಡು ಬಗೆಯಾದುದು: ಕಿವಿಗೆ ಗೋಚರವಾಗುವುದು ಶ್ರಾವಣ, ಕಣ್ಣಿಗೆ ಗೋಚರವಾಗುವುದು ಚಾಕ್ಷುಷ. ವ್ಯಾಕರಣವನ್ನು ವ್ಯಾಸಂಗಮಾಡಿದವರಿಗೆ ಈ ವಿಭಾಗವು ಪರಿಚಿತವೇ ಆಗಿದೆ. ಗ್ರಂಥಗಳನ್ನೂ ಪತ್ರಿಕೆಗಳನ್ನೂ ಜಾಲತಾಣಗಳಲ್ಲಿ ಪ್ರಕಟಿಸುವ ಪದ್ಧತಿಯು ಬಳಕೆಗೆ ಬಂದಮೇಲೆ ಇದಕ್ಕೆ ಹೊಸದೊಂದು ಪ್ರಯೋಜನವು ಒದಗಿದೆ. ಚಾಕ್ಷುಷರೂಪವನ್ನು ಮಾತ್ರ ಉಳಿಸಿಕೊಂಡ ಪುಟವು ದೃಷ್ಟಿಹೀನ ವಿದ್ಯಾರ್ಥಿಗೆ ಬರಿಯ ಹಾಳೆಯೇ ಸರಿ.

ದೃಷ್ಟಿಹೀನರು ಗಣಕಯಂತ್ರವನ್ನು ಪರದೆವಾಚಕವೆಂಬ ತಂತ್ರಾಂಶದ ನೆರವಿನಿಂದ ಬಳಸುತ್ತಾರೆ. 2006ರಲ್ಲಿ ಆಸ್ಟ್ರೇಲಿಯದಲ್ಲಿ ಆರಂಭವಾದ, ಬೆಲೆಯಿಲ್ಲದೆ ದೊರೆಯುವ ಎನ್‌ವಿಡಿಎ ಈ ಬಗೆಯದು. ಪರದೆವಾಚಕವು ಸಾಮಾನ್ಯವಾಗಿ ಅಕ್ಷರದ ಆಕೃತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆಕೃತಿಯ ಹಿಂದಿರುವ ಸಂಕೇತಸಂಖ್ಯೆಗಳನ್ನು ಗ್ರಹಿಸಿ ಅವನ್ನು ಧ್ವನಿಯಾಗಿಯಾಗಲಿ ಬ್ರೈಲ್ ಲಿಪಿಯ ಉಬ್ಬುಚುಕ್ಕೆಗಳಾಗಿಯಾಗಲಿ ಮಾರ್ಪಡಿಸುತ್ತದೆ. ಆದಕಾರಣ ಪುಟವನ್ನು ಛಾಯಾಚಿತ್ರವಾಗಿ ಮಾತ್ರ ಇರಿಸಿದರೆ ಅದಕ್ಕೆ ಓದತಕ್ಕದ್ದು ಏನೂ ದೊರೆಯದು.

ಹಳೆಯ ಫಾಂಟುಗಳಲ್ಲಿ ಅಚ್ಚಾದ ಬರಹದ ತೊಡಕು ಬೇರೊಂದು ವಿಧವಾದುದು. ಅವುಗಳಲ್ಲಿ ರೋಮನ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ಆಕೃತಿಖಂಡಗಳನ್ನು ಜೋಡಿಸಿರುವುದರಿಂದ ಕಣ್ಣಿಗೆ ಕನ್ನಡವು ಕಂಡರೂ ಕಿವಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕೇಳಿಬರುತ್ತವೆ. 1991ರ ಯೂನಿಕೋಡ್ ಕ್ರಮವು ಕನ್ನಡದ ವರ್ಣಗಳಿಗೆ ಪ್ರತ್ಯೇಕ ಸಂಖ್ಯೆಗಳನ್ನು ನಿಯಮಿಸಿ ಈ ದೋಷವನ್ನು ಪರಿಹರಿಸಿತು. ‘ಅರ್ಕ’ ಎಂಬ ಶಬ್ದವನ್ನು ಪರಿಶೀಲಿಸಬಹುದು. ಲಿಪಿಯಲ್ಲಿ ಅರ್ಕಾವೊತ್ತು ಕಕಾರದ ಅನಂತರ ಬರುತ್ತದೆ. ಉಚ್ಚಾರಣೆಯಲ್ಲಿ ರೇಫವು ಮೊದಲು. ಹಳೆಯ ಫಾಂಟುಗಳು ಕಣ್ಣಿನ ಕ್ರಮವನ್ನು ಹಿಡಿದರೆ, ಯೂನಿಕೋಡು ಅಕಾರ, ರೇಫ, ಹಲಂತಚಿಹ್ನೆ, ಕಕಾರ ಎಂಬ ಕಿವಿಯ ಕ್ರಮವನ್ನು ಅನುಸರಿಸುತ್ತದೆ. ಆದುದರಿಂದಲೇ ಅದನ್ನು ಯಂತ್ರವು ತಪ್ಪಿಲ್ಲದೆ ಉಚ್ಚರಿಸುವುದು ಸಾಧ್ಯವಾಗುತ್ತದೆ.

ಛಾಯಾಚಿತ್ರದಿಂದ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿ ಪರಿವರ್ತಿಸುವ ತಂತ್ರಾಂಶಗಳೂ ಉಂಟು. ಆದರೆ ಅವುಗಳ ಫಲಿತವನ್ನು ತಿದ್ದದೆ ಪ್ರಕಟಿಸುವುದು ಅಪಾಯಕರ. ಹಳಗನ್ನಡದ ‘ಱ’, ‘ೞ’ ಕಾರಗಳಿಗೆ ಯೂನಿಕೋಡಿನಲ್ಲಿ ಸ್ಥಾನವಿದ್ದರೂ ಯಂತ್ರವು ಅವನ್ನು ಬೇರೆ ಅಕ್ಷರಗಳೆಂದು ಭ್ರಮಿಸಬಹುದು. ಕಣ್ಣುಳ್ಳ ವಾಚಕರು ಮೂಲಚಿತ್ರವನ್ನು ನೋಡಿ ತಪ್ಪನ್ನು ಅರಿಯುವರು. ದೃಷ್ಟಿಹೀನರಿಗೆ ಅಪಪಾಠವೇ ಪಾಠವಾಗಿ ನಿಲ್ಲುವುದು. ಆದಕಾರಣ ಈ ಕರಡನ್ನು ತಿದ್ದುವುದು ಭಾಷೆಯನ್ನು ಬಲ್ಲ ಸಂಪಾದಕರ ಕೆಲಸವಾಗಿದೆ.

ಪಠ್ಯವು ಶುದ್ಧವಾದ ಮೇಲೆ ಅದರ ರಚನೆಯನ್ನೂ ಯಂತ್ರಕ್ಕೆ ತಿಳಿಸತಕ್ಕದ್ದು. ದಪ್ಪಕ್ಷರದಿಂದ ಮಾತ್ರ ತೋರಿಸಿದ ಶೀರ್ಷಿಕೆಯನ್ನು ಪರದೆವಾಚಕವು ಶೀರ್ಷಿಕೆಯೆಂದು ತಿಳಿಯದು; ಶೀರ್ಷಿಕೆಯೆಂದೇ ಗುರುತಿಸಿದ್ದರೆ ವಾಚಕರು ಒಂದು ಪ್ರಕರಣದಿಂದ ಇನ್ನೊಂದಕ್ಕೆ ಕೂಡಲೆ ಹೋಗಬಹುದು. ಪುಟದ ಭಾಷೆ ಕನ್ನಡವೆಂದು ಸೂಚಿಸದಿದ್ದರೆ ಇಂಗ್ಲಿಷಿನ ಧ್ವನಿಯೇ ಅದನ್ನು ಓದಲು ತೊಡಗಬಹುದು. ಶಾಸನದ ಪ್ರತಿಕೃತಿಗೆ ಅದರ ವಿವರಣೆಯನ್ನು ಮಾತಿನಲ್ಲಿ ಕೊಡಬೇಕು. ಮಂದದೃಷ್ಟಿಯವರಿಗಾಗಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಪ್ರಮಾಣದಲ್ಲಿ ವರ್ಣಭೇದವಿರಬೇಕೆಂದೂ, ಮೌಸನ್ನು ಹಿಡಿಯಲಾರದವರಿಗಾಗಿ ಎಲ್ಲ ಕಾರ್ಯವೂ ಕೀಲಿಮಣೆಯಿಂದಲೇ ಸಾಗಬೇಕೆಂದೂ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು ತನ್ನ ಮಾರ್ಗಸೂತ್ರಗಳಲ್ಲಿ ವಿಧಿಸಿದೆ.

ಭಾರತದ 2016ರ ವಿಕಲಾಂಗರ ಹಕ್ಕುಗಳ ಅಧಿನಿಯಮವು ವಿದ್ಯುನ್ಮಾನ ಮಾಧ್ಯಮದ ವಿಷಯವು ಇಂಥವರಿಗೆ ನಿಲುಕುವಂತಿರಬೇಕೆಂದು ಹೇಳುತ್ತದೆ. 2025ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಸೌಲಭ್ಯವನ್ನು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನ ಅಂಗವೆಂದು ನಿರ್ಣಯಿಸಿತು. ಲಿಪಿಯ ಇತಿಹಾಸವನ್ನು ಅರಸುವವರಿಗೆ ಛಾಯಾಚಿತ್ರವು ಎಂದಿಗೂ ಬೇಕಾದುದೇ. ಅದರ ಜೊತೆಯಲ್ಲಿ ಶುದ್ಧಪಠ್ಯವನ್ನೂ ಇರಿಸಿದರೆ ಸಾಕು. ಹಾಗೆ ಇರಿಸಿದ ಪಠ್ಯದಲ್ಲಿ ಬೇಕಾದ ಪ್ರಯೋಗವನ್ನು ಕ್ಷಣದಲ್ಲಿ ಹುಡುಕಬಹುದಾದುದರಿಂದ, ದೃಷ್ಟಿಹೀನರಿಗೆಂದು ಮಾಡಿದ ಶ್ರಮವು ನಿಘಂಟುಕಾರರಿಗೂ ಸಂಶೋಧಕರಿಗೂ ಸಮಾನವಾಗಿ ಫಲಿಸುವುದು.