ಬೇಬೆಲ್ (ಜಾವಾಸ್ಕ್ರಿಪ್ಟ್ ಕಂಪೈಲರ್)

ಬೇಬೆಲ್ ಎಂಬುದು ಜಾವಾಸ್ಕ್ರಿಪ್ಟ್ ಭಾಷೆಯ ಹೊಸ ವಾಕ್ಯರಚನೆಯಲ್ಲಿ ಬರೆದ ಪ್ರೋಗ್ರಾಮನ್ನು ಹಳೆಯ ಬ್ರೌಸರ್‌ಗಳಲ್ಲೂ ನಡೆಯುವ ರೂಪಕ್ಕೆ ಪರಿವರ್ತಿಸುವ ಮುಕ್ತ ತಂತ್ರಾಂಶ. ಇದರ ಫಲಿತಾಂಶ ಯಂತ್ರಭಾಷೆಯಲ್ಲ, ಜಾವಾಸ್ಕ್ರಿಪ್ಟೇ ಆಗಿರುವುದರಿಂದ ಇದನ್ನು ಟ್ರಾನ್ಸ್‌ಪೈಲರ್ ಎಂದೂ ಕರೆಯುತ್ತಾರೆ.

ಹಿನ್ನೆಲೆ

ಜಾಲತಾಣದ ಪ್ರೋಗ್ರಾಮು ನಡೆಯುವುದು ಬಳಕೆದಾರನ ಬ್ರೌಸರಿನಲ್ಲಿ; ಅದರ ಆವೃತ್ತಿಯನ್ನು ಬರೆದವರು ನಿರ್ಧರಿಸಲಾರರು. ಬ್ರೌಸರ್ ಸ್ಕ್ರಿಪ್ಟನ್ನು ನಡೆಸುವ ಮೊದಲು ಪೂರ್ತಿಯಾಗಿ ಓದುತ್ತದೆ. ಅರಿಯದ ಒಂದು ಚಿಹ್ನೆ ಎದುರಾದರೂ ಇಡೀ ಕಡತವನ್ನು ತಿರಸ್ಕರಿಸುತ್ತದೆ. 2015ರ ಜೂನ್‌ನಲ್ಲಿ ಪ್ರಕಟವಾದ ಎಕ್ಮಾಸ್ಕ್ರಿಪ್ಟ್ 6 ಮಾನಕವು ಬಾಣದ ಫಂಕ್ಷನ್, ಕ್ಲಾಸ್ ಮುಂತಾದವನ್ನು ಸೇರಿಸಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 11ಕ್ಕೆ ಇವೆರಡೂ ತಿಳಿಯವು. ಈ ಅಂತರವನ್ನು ತುಂಬಲು ಸೆಬಾಸ್ಟಿಯನ್ ಮೆಕೆಂಜಿ 2014ರಲ್ಲಿ 'ಸಿಕ್ಸ್ ಟು ಫೈವ್' ಎಂಬ ಉಪಕರಣವನ್ನು ರಚಿಸಿದರು. 2015ರಲ್ಲಿ ಅದಕ್ಕೆ ಬೇಬೆಲ್ ಎಂಬ ಹೆಸರು ಬಂದಿತು.

ಕಾರ್ಯವಿಧಾನ

ಬೇಬೆಲ್ ಮೊದಲು ಪ್ರೋಗ್ರಾಮಿನ ಪಠ್ಯವನ್ನು ವಿಶ್ಲೇಷಿಸಿ ಅದರ ರಚನೆಯನ್ನು ತೋರಿಸುವ ವೃಕ್ಷವನ್ನು ಕಟ್ಟುತ್ತದೆ. ಪ್ಲಗಿನ್‌ಗಳು ಆ ವೃಕ್ಷವನ್ನು ಮಾರ್ಪಡಿಸುತ್ತವೆ. ಬಳಿಕ ಅದರಿಂದ ಹೊಸ ಪಠ್ಯ ಸಿದ್ಧವಾಗುತ್ತದೆ.

ಪದಕ್ಕೆ ಪದ ಬದಲಾಯಿಸಿದರೆ ಸಾಲದೇ ಎಂಬ ಸಂಶಯ ಸಹಜ. ಮೂರು ಸುತ್ತಿನ ಒಂದು ಲೂಪ್ ಪ್ರತಿ ಸುತ್ತಿನಲ್ಲೂ ತನ್ನ ಎಣಿಕೆಯನ್ನು ಮುಂದೆಂದೋ ಮುದ್ರಿಸಬೇಕಾದ ಒಂದು ಫಂಕ್ಷನ್ ಸೃಷ್ಟಿಸುತ್ತದೆ ಎಂದುಕೊಳ್ಳೋಣ. ಎಣಿಕೆಯನ್ನು 'ಲೆಟ್' ಮೂಲಕ ಘೋಷಿಸಿದ್ದರೆ ಪ್ರತಿ ಸುತ್ತಿಗೂ ಪ್ರತ್ಯೇಕ ಚರವಿದ್ದು 0, 1, 2 ಎಂದು ಬರುತ್ತದೆ. 'ಲೆಟ್' ಇದ್ದಲ್ಲಿ ಹಳೆಯ 'ವಾರ್' ಇಟ್ಟರೆ ಎಲ್ಲಕ್ಕೂ ಒಂದೇ ಚರವಾಗಿ 3, 3, 3 ಎಂದು ಬರುತ್ತದೆ. ಆದ್ದರಿಂದ ಬೇಬೆಲ್ ಲೂಪಿನ ಒಡಲನ್ನು ಪ್ರತ್ಯೇಕ ಫಂಕ್ಷನ್ನಿನಲ್ಲಿಟ್ಟು ಎಣಿಕೆಯನ್ನು ಅದಕ್ಕೆ ದಾಟಿಸುತ್ತದೆ. (ಇಂಟರ್ನೆಟ್ ಎಕ್ಸ್‌ಪ್ಲೋರರ್ 11 'ಲೆಟ್' ಅನ್ನು ಒಪ್ಪಿಕೊಂಡರೂ ಇಲ್ಲಿ ತಪ್ಪು ಉತ್ತರವನ್ನೇ ಕೊಡುತ್ತದೆ, ದೋಷಸಂದೇಶವಿಲ್ಲದ ಇಂಥ ತಪ್ಪನ್ನು ಹುಡುಕುವುದು ಹೆಚ್ಚು ಕಷ್ಟ.)

ಮಿತಿಗಳು

ಬೇಬೆಲ್ ಬಳಸಿದರೆ ಎಲ್ಲವೂ ಹಳೆಯ ಬ್ರೌಸರಿನಲ್ಲಿ ನಡೆಯುತ್ತದೆ ಎಂಬುದು ಆರಂಭಿಕರಲ್ಲಿ ಸಾಮಾನ್ಯವಾದ ತಪ್ಪು ತಿಳಿವಳಿಕೆ. ವಾಕ್ಯರಚನೆಯ ಪರಿವರ್ತನೆ ಬೇರೆ, ಇಲ್ಲದ ಸೌಲಭ್ಯವನ್ನು ಒದಗಿಸುವುದು ಬೇರೆ. 'ಪ್ರಾಮಿಸ್' ಎಂಬುದು ವ್ಯಾಕರಣದ ದೃಷ್ಟಿಯಿಂದ ಕೇವಲ ಒಂದು ಹೆಸರು. ಪರಿವರ್ತನೆಯಲ್ಲಿ ಅದು ಹಾಗೆಯೇ ಉಳಿದು, ಬ್ರೌಸರಿನಲ್ಲಿ ಅದು ಇಲ್ಲದಿದ್ದರೆ ಪ್ರೋಗ್ರಾಮು ನಡುವೆ ನಿಲ್ಲುತ್ತದೆ. ಇದಕ್ಕೆ ಕೋರ್-ಜೆಎಸ್‌ನಂತಹ ಪಾಲಿಫಿಲ್ ಸಂಗ್ರಹವನ್ನು ಜೊತೆಗೂಡಿಸಬೇಕು. 'ಪ್ರಾಕ್ಸಿ'ಯನ್ನಂತೂ ಹಾಗೆಯೂ ಪೂರ್ಣವಾಗಿ ಅನುಕರಿಸಲಾಗದು.

ಪರಿವರ್ತಿತ ಕಡತವು ಸಾಮಾನ್ಯವಾಗಿ ಮೂಲಕ್ಕಿಂತ ದೊಡ್ಡದು. ಯಾವ ಬ್ರೌಸರ್‌ಗಳಿಗಾಗಿ ಎಂಬುದನ್ನು 'ಪ್ರಿಸೆಟ್-ಎನ್ವ್' ಮೂಲಕ ಸೂಚಿಸಿದರೆ ಅಗತ್ಯವಿರುವಷ್ಟೇ ಪರಿವರ್ತನೆ ನಡೆಯುತ್ತದೆ. ಸೂಚಿಸದಿದ್ದರೆ, ಹೊಸ ಬ್ರೌಸರ್ ಬಳಸುವವರೂ ತಮಗೆ ಬೇಡದ ಭಾರವನ್ನು ಇಳಿಸಿಕೊಳ್ಳಬೇಕಾಗಬಹುದು.