ಭೂಕಂಪ ನಿಂತ ಮೇಲೂ ಸಾವು ಯಾಕೆ ನಿಲ್ಲಲ್ಲ? ನರ್ಸ್‌ಗಳು ದೇಶ ದಾಟಿ ಕಲಿತ ಪಾಠ

ಇವತ್ತಿನ ಸಂಚಿಕೆ ವಿಪತ್ತು ನರ್ಸಿಂಗ್ ಬಗ್ಗೆ. ಬಿ.ಕಾಂ. ಓದಿದವರಿಗೆ ಇದ್ಯಾಕೆ ಅಂತ ಕೇಳ್ತೀರಾ? ಇದರ ಬಗ್ಗೆ ಓದ್ತಾ ಓದ್ತಾ ನನಗೆ ಕಾಲೇಜಿನ ಇನ್ಶೂರೆನ್ಸ್ ಪಾಠವೇ ನೆನಪಾಯ್ತು. ಯಾಕೆ ಅಂತ ಆಮೇಲೆ ಹೇಳ್ತೀನಿ.

ಮೊದಲು ಒಂದು ಲೆಕ್ಕ ನೋಡೋಣ. 2016ರ ಏಪ್ರಿಲ್‌ನಲ್ಲಿ ಜಪಾನಿನ ಕುಮಾಮೊಟೊದಲ್ಲಿ ಭೂಕಂಪ ಆಯ್ತು. ಕುಸಿದ ಮನೆ, ಜಾರಿದ ಗುಡ್ಡದ ಅಡಿ ಸಿಕ್ಕಿ ನೇರವಾಗಿ ಸತ್ತವರು 50 ಜನ. ಆದರೆ ಆಮೇಲಿನ ದಿನಗಳಲ್ಲಿ, ತಿಂಗಳುಗಳಲ್ಲಿ ಸತ್ತವರು 200ಕ್ಕೂ ಹೆಚ್ಚು. ಭೂಮಿ ನಡುಗಿದಾಗ ಬದುಕಿ ಉಳಿದಿದ್ದವರು ಇವರು! ಜಪಾನಿನಲ್ಲಿ ಇದಕ್ಕೆ 'ವಿಪತ್ತು ಸಂಬಂಧಿತ ಸಾವು' ಅಂತ ಬೇರೆಯೇ ಲೆಕ್ಕ ಇಡುತ್ತಾರೆ.

ಹೇಗೆ ಸಾಯ್ತಾರೆ? ಮತ್ತೆ ಕಂಪಿಸೀತು ಅಂತ ಹೆದರಿ ಜನ ಕಾರಲ್ಲೇ ಮಲಗ್ತಾರೆ. ಕಾಲು ಮಡಚಿಕೊಂಡೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಶಿಬಿರದಲ್ಲಿ ಟಾಯ್ಲೆಟ್ ದೂರ ಇದೆ, ಗಲೀಜಾಗಿದೆ ಅಂತ ವಯಸ್ಸಾದವರು ನೀರು ಕುಡಿಯೋದನ್ನೇ ಕಮ್ಮಿ ಮಾಡ್ತಾರೆ. ಬಿಪಿ ಮಾತ್ರೆ ಮನೆಯಲ್ಲೇ ಉಳಿದಿರುತ್ತೆ. ಹಲ್ಲುಜ್ಜೋಕೆ ನೀರಿಲ್ಲದೆ ಬಾಯಿಯ ಸೋಂಕು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತೆ. ಇದನ್ನು ತಡೆಯೋಕೆ ಆಪರೇಷನ್ ಥಿಯೇಟರ್ ಬೇಕಿಲ್ಲ. ದಿನಾ ಒಂದು ಸುತ್ತು ಹೋಗಿ, "ಅಜ್ಜಿ, ನೀರು ಕುಡಿದ್ರಾ? ಮಾತ್ರೆ ಇದೆಯಾ?" ಅಂತ ಕೇಳೋರು ಬೇಕು. ಆ ಕೆಲಸ ನರ್ಸ್‌ಗಳದ್ದು.

ಈ ಪಾಠ ದೊಡ್ಡ ಬೆಲೆ ಕೊಟ್ಟು ಕಲಿತದ್ದು. 1995ರ ಜನವರಿ 17ರ ಬೆಳಗಿನ ಜಾವ ಕೋಬೆ ನಗರದ ಸುತ್ತಮುತ್ತ ಭೂಕಂಪ ಆಗಿ 6,434 ಜನ ತೀರಿಕೊಂಡರು. ಅದರಲ್ಲಿ 900ಕ್ಕೂ ಹೆಚ್ಚು ಇಂಥ ನಂತರದ ಸಾವುಗಳೇ. ತಾತ್ಕಾಲಿಕ ಮನೆಗಳಲ್ಲಿ ಒಂಟಿಯಾಗಿದ್ದು, ಯಾರಿಗೂ ಗೊತ್ತಾಗದೆ ಸತ್ತವರೂ ಇದ್ದರು. ವಿಪತ್ತಿನಲ್ಲಿ ನರ್ಸ್ ಕೆಲಸ ಗಾಯಕ್ಕೆ ಬ್ಯಾಂಡೇಜ್ ಕಟ್ಟಿದ ಕೂಡಲೇ ಮುಗಿಯಲ್ಲ, ವರ್ಷಗಟ್ಟಲೆ ನಡೆಯುತ್ತೆ ಅಂತ ಅಲ್ಲಿನವರಿಗೆ ಅರ್ಥವಾಯ್ತು. 1998ರಲ್ಲಿ ಜಪಾನ್ ವಿಪತ್ತು ನರ್ಸಿಂಗ್ ಸಂಘ ಹುಟ್ಟಿತು.

ಈಗ ಇನ್ಶೂರೆನ್ಸ್‌ಗೆ ಬರೋಣ. ಒಂದೇ ಮನೆಗೆ ಬೆಂಕಿ ಬೀಳೋದು ಅಪರೂಪ. ಸಾವಿರ ಮನೆ ಸೇರಿದರೆ ಮಾತ್ರ ಅಪಾಯದ ಲೆಕ್ಕ ಸಿಗುತ್ತೆ, ಹೊರೆ ಹಂಚಿಕೊಳ್ಳೋಕಾಗುತ್ತೆ. ವಿಪತ್ತೂ ಹಾಗೇ. ಒಬ್ಬ ನರ್ಸ್ ತನ್ನ ಇಡೀ ಸರ್ವಿಸ್‌ನಲ್ಲಿ ದೊಡ್ಡ ಭೂಕಂಪ ಒಮ್ಮೆ ನೋಡಬಹುದು, ನೋಡದೆಯೂ ಇರಬಹುದು. ಅನುಭವದಿಂದಲೇ ಕಲೀತೀವಿ ಅಂದ್ರೆ ಅಷ್ಟರಲ್ಲಿ ಜನ ಸತ್ತಿರ್ತಾರೆ. ಹಾಗಾಗಿ ದೇಶಗಳು ಅನುಭವವನ್ನೇ ಒಟ್ಟು ಹಾಕಬೇಕು.

ಅದನ್ನೇ ಮಾಡಿದರು. 2008ರಲ್ಲಿ ವಿಶ್ವ ವಿಪತ್ತು ನರ್ಸಿಂಗ್ ಸಂಘ ಶುರುವಾಯ್ತು. ಮುಂದೆ ನಿಂತವರು ಜಪಾನಿನ ಹಿರೊಕೊ ಮಿನಾಮಿ. 2005ರಿಂದ 2009ರವರೆಗೆ ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿಯ ಅಧ್ಯಕ್ಷೆಯಾಗಿದ್ದವರು. 2009ರಲ್ಲಿ ಆ ಮಂಡಳಿ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ, ವಿಪತ್ತಿನಲ್ಲಿ ನರ್ಸ್‌ಗೆ ಏನೇನು ಗೊತ್ತಿರಬೇಕು ಅನ್ನೋ ಒಂದು ಚೌಕಟ್ಟು ತಂದವು. 2014ರಲ್ಲಿ ಜಪಾನಿನ ಐದು ವಿಶ್ವವಿದ್ಯಾಲಯಗಳು ಒಟ್ಟಾಗಿ ಇದರಲ್ಲೇ ಐದು ವರ್ಷದ ಡಾಕ್ಟರೇಟ್ ಕೋರ್ಸ್ ಆರಂಭಿಸಿದವು.

ಆ ಚೌಕಟ್ಟನ್ನು 2019ರಲ್ಲಿ ಪರಿಷ್ಕರಿಸಿದರು. ಅದರಲ್ಲಿ ಮೂರು ಹಂತ. ಮೊದಲನೆಯದು, ಮೂಲ ಕೋರ್ಸ್ ಮುಗಿಸಿದ ಪ್ರತಿಯೊಬ್ಬ ನರ್ಸ್. ಎರಡನೆಯದು, ತಮ್ಮ ಆಸ್ಪತ್ರೆಯಲ್ಲಿ ವಿಪತ್ತಿನ ಹೊಣೆ ಹೊತ್ತವರು. ಮೂರನೆಯದು, ತಂಡದ ಜೊತೆ ಬೇರೆ ಊರಿಗೆ, ಬೇರೆ ದೇಶಕ್ಕೆ ಹೋಗುವವರು. ನನ್ನ ಪ್ರಕಾರ ಮುಖ್ಯವಾದದ್ದು ಮೊದಲನೇ ಹಂತವೇ. ಹೊರಗಿನ ತಂಡ ಬರೋಕೆ ಟೈಮ್ ಬೇಕು, ಬಂದವರು ವಾಪಸ್ ಹೋಗಲೇಬೇಕು. ಕೊನೆಗೆ ಉಳಿಯೋದು ಆ ಊರಿನ ನರ್ಸ್.

ನಮ್ಮಲ್ಲೂ ಅಷ್ಟೇ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಸಾವಿರಾರು ಜನ ಪರಿಹಾರ ಕೇಂದ್ರ ಸೇರಿದರು. ಪ್ರತಿ ಮಳೆಗಾಲ ಎಲ್ಲೋ ಒಂದು ಕಡೆ ಕಾಳಜಿ ಕೇಂದ್ರ ತೆರೆಯುತ್ತಲೇ ಇರುತ್ತೆ. ಅಲ್ಲಿ ಎಷ್ಟು ಜನ ಊಟ ಮಾಡಿದರು ಅನ್ನೋ ಲೆಕ್ಕದ ಜೊತೆ, ಯಾರ ಶುಗರ್ ಮಾತ್ರೆ ಮುಗಿದಿದೆ, ಯಾರು ಎರಡು ದಿನದಿಂದ ಎದ್ದು ಓಡಾಡಿಲ್ಲ ಅನ್ನೋ ಲೆಕ್ಕವೂ ಬೇಕು.

ನರ್ಸಿಂಗ್ ಓದ್ತಿರೋ ಫ್ರೆಂಡ್ ಇದ್ದರೆ ಈ ಸಂಚಿಕೆ ಕಳಿಸಿ. ಉಳಿದವರು ಇವತ್ತೇ ಒಂದು ಕೆಲಸ ಮಾಡಿ: ಮನೆಯ ಹಿರಿಯರ ಮಾತ್ರೆ ಚೀಟಿಯ ಫೋಟೋ ತೆಗೆದು ಫೋನಲ್ಲಿ ಇಟ್ಕೊಳ್ಳಿ. ಮನೆ ಬಿಟ್ಟು ಓಡೋ ಹೊತ್ತಲ್ಲಿ ಆ ಚೀಟಿ ಯಾರಿಗೂ ನೆನಪಾಗಲ್ಲ. ಮುಂದಿನ ವಾರ ಸಿಗೋಣ.