ಚೆಂಡು ಬರೋ ಮೊದಲೇ ಜಾಗಕ್ಕೆ ಹೋಗಿ ನಿಲ್ಲೋದು

ಶನಿವಾರ ಬೆಳಿಗ್ಗೆ ಏಳೂವರೆಗೆ ಫೋನ್ ಬಂದರೆ ಎರಡೇ ಕಾರಣ. ಒಂದು, ಊರಲ್ಲಿ ಯಾರಿಗೋ ಹುಷಾರಿಲ್ಲ. ಎರಡು, ಸಿಡ್ನಿಯಿಂದ ಅಕ್ಕ. (ಅಕ್ಕ ಅಂದರೆ ದೊಡ್ಡಮ್ಮನ ಮಗಳು. ಆದರೆ ಪರದೇಶದಲ್ಲಿ ದೊಡ್ಡಮ್ಮನ ಮಗಳೇ ಒಡಹುಟ್ಟಿದ ಅಕ್ಕನಿಗಿಂತ ಹೆಚ್ಚು!) ನಾನೋ, ಇಲ್ಲಿ ಮೆಲ್ಬರ್ನ್‌ನಲ್ಲಿ ರಾತ್ರಿಯೆಲ್ಲಾ ಕೂತು ರಿಲೀಸ್ ಮುಗಿಸಿ ಮೂರು ಗಂಟೆಗೆ ಮಲಗಿದ್ದೆ.

"ಏಳೋ, ಪುಟ್ಟಿಗೆ ಅಮೆರಿಕದ ಕಾಲೇಜಿಂದ ಕರೆ ಬಂದಿದೆ ಕಣೋ! ವಾಲಿಬಾಲ್‌ಗೆ! ನೀನು ಆಡ್ತಿದ್ದೆ ಅಲ್ವಾ, ಸ್ವಲ್ಪ ನೋಡಿ ಹೇಳು."

ಪುಟ್ಟಿ ಅವಳ ಮಗಳು. ವೆಂಟ್‌ವರ್ತ್‌ವಿಲ್‌ನಲ್ಲಿ ಮನೆ, ಒಂಬತ್ತನೇ ವರ್ಷದ ಓದು. ವಾರಕ್ಕೆ ನಾಲ್ಕು ದಿನ ವಾಲಿಬಾಲ್. ಕಣ್ಣುಜ್ಜಿಕೊಂಡು ಆ ಮೇಲ್ ತೆಗೆದು ನೋಡಿದೆ. 'ನಿಮ್ಮ ಆಟ ನಮ್ಮ ಗಮನ ಸೆಳೆದಿದೆ' ಅಂತ ಶುರು. ನಡುವೆ ಚಂದದ ಫೋಟೋಗಳು. ಕೊನೆಯಲ್ಲಿ ಬೇಸಿಗೆ ಕ್ಯಾಂಪಿನ ಶುಲ್ಕ, ಕ್ರೆಡಿಟ್ ಕಾರ್ಡ್ ನಂಬರ್ ಹಾಕೋ ಜಾಗ.

"ಅಕ್ಕಾ, ಇದು ಮದುವೆ ಕರೆಯೋಲೆ ಅಲ್ಲ. ಸೀರೆ ಅಂಗಡಿ ಪಾಂಪ್ಲೆಟ್ಟು."

ಆ ಕಡೆಯಿಂದ ಮೌನ. ಹಿಂದೆ ಭಾವ ನಕ್ಕಿದ್ದು ಕೇಳಿಸ್ತು. ಅವರಿಗೆ ಮೊದಲಿಂದಲೂ ಒಂದೇ ಪ್ರಶ್ನೆ, "ವಾಲಿಬಾಲ್ ಎಲ್ಲಾ ಸರಿ, ಎಟಾರ್ ಏನಾಗಬೇಕು?" ಎಟಾರ್ ಅಂದರೆ ಇಲ್ಲಿ ಹನ್ನೆರಡನೇ ವರ್ಷದ ಕೊನೆಗೆ ಬರೋ ರ‍್ಯಾಂಕು, 99.95 ಅದರ ತುದಿ. ನಮ್ಮ ಸಿಇಟಿ ರ‍್ಯಾಂಕ್ ಇದ್ದ ಹಾಗೆ. ಮನೆಮನೆಯಲ್ಲೂ ಅದೇ ಜಪ.

ಅವತ್ತಿಂದ ಎರಡು ವಾರ, ಆಫೀಸು ಮುಗಿದ ಮೇಲೆ ಕೂತು ಈ ಅಮೆರಿಕದ ಕಾಲೇಜು ವಾಲಿಬಾಲ್ ಕಥೆ ಪೂರ್ತಿ ಓದಿದೆ. ನಮ್ಮವರ ಮನೆಗಳಲ್ಲಿ ಈಗ ಆಡೋ ಮಕ್ಕಳು ಬಹಳ ಜನ ಇದ್ದಾರೆ. ಅದಕ್ಕೇ ಗೊತ್ತಾದಷ್ಟು ಇಲ್ಲಿ ಬರೆದಿಡ್ತಿದೀನಿ.

ಮೊದಲು ಒಂದು ತಪ್ಪೊಪ್ಪಿಗೆ. ನಮ್ಮೂರು ತೀರ್ಥಹಳ್ಳಿ ಕಡೆ. ಗದ್ದೆ ಕೊಯ್ಲಾದ ಮೇಲೆ ಗದ್ದೆಯೇ ಕೋರ್ಟು, ಎರಡು ಅಡಿಕೆ ಮರದ ಕಂಬ, ಒಂದು ನೆಟ್ಟು. ಹೊನಲು ಬೆಳಕಿನ ಪಂದ್ಯಾವಳಿ ಅಂದರೆ ಸುತ್ತ ಹತ್ತು ಊರಿಗೆ ಜಾತ್ರೆ. ಪಿಯುಸಿಯಲ್ಲಿ ನಾನು ಜಿಲ್ಲಾ ತಂಡದಲ್ಲಿ ಸೆಟ್ಟರ್ ಆಗಿದ್ದೆ. 2015ರಲ್ಲಿ ಸಿಇಟಿ ಬರೆದಾಗ ಕ್ರೀಡಾ ಕೋಟಾದಲ್ಲಿ ಬೆಂಗಳೂರಿನ ಒಳ್ಳೇ ಕಾಲೇಜು ಸಿಗುತ್ತೇನೋ ಅಂತ ಆಸೆ. "ಸರ್ಟಿಫಿಕೇಟ್ ಎಲ್ಲಾ ಈಗ್ಲೇ ಸರಿ ಮಾಡಿಸ್ಕೊಳ್ಳೋ, ಸಹಿ ಸೀಲು ನೋಡ್ಕೋ" ಅಂತ ಪಿ.ಟಿ. ಸರ್ ವರ್ಷವಿಡೀ ಹೇಳಿದ್ರು. ನಾನು ಅದನ್ನ ಟ್ರಂಕಿನಲ್ಲಿಟ್ಟು ಮರೆತೆ. ದಾಖಲೆ ಪರಿಶೀಲನೆ ಹತ್ತಿರ ಬಂದಾಗ ತೆಗೆದು ನೋಡಿದರೆ ಹೆಸರೇ ತಪ್ಪು! ತಿದ್ದಿಸೋಕೆ ಟೈಮಿರಲಿಲ್ಲ. ತಪ್ಪು ಪೂರ್ತಿ ನನ್ನದೇ. ಇಂಜಿನಿಯರಿಂಗ್ ಸೀಟು ಹೇಗೋ ರ‍್ಯಾಂಕಿನಲ್ಲೇ ಸಿಕ್ತು. ಆದರೆ ಸಿಕ್ಕ ಕಾಲೇಜಿನಲ್ಲಿ ವಾಲಿಬಾಲ್ ತಂಡ ಹೆಸರಿಗಷ್ಟೇ ಇತ್ತು. ಆಟ ಅಲ್ಲಿಗೆ ನಿಂತುಹೋಯ್ತು.

ಆಟ ಬರದೇ ಸೋತವರಿಗಿಂತ ಹೀಗೆ ಕಾಗದ, ದಿನಾಂಕ ನೋಡಿಕೊಳ್ಳದೇ ಸೋತವರು ಜಾಸ್ತಿ ಅಂತ ನನ್ನ ಅನುಮಾನ :)

ಈಗ ಅಮೆರಿಕಕ್ಕೆ ಬರೋಣ. ಇಲ್ಲಿ ಆಸ್ಟ್ರೇಲಿಯಾದಲ್ಲಿ ಆಟ ಅಂದರೆ ಕ್ಲಬ್ಬು, ವಿಶ್ವವಿದ್ಯಾಲಯ ಅಂದರೆ ಓದು. ಅಮೆರಿಕದಲ್ಲಿ ಎರಡೂ ಒಂದೇ ಅಂಗಳದಲ್ಲಿ. 1972ರ ಟೈಟಲ್ ನೈನ್ ಕಾನೂನು ಬಂದ ಮೇಲೆ ಕಾಲೇಜುಗಳು ಹೆಣ್ಣುಮಕ್ಕಳ ಆಟಕ್ಕೂ ಸಮಾನ ಅವಕಾಶ ಕೊಡಲೇಬೇಕಾಯ್ತು, ವಾಲಿಬಾಲ್ ಬೆಳೆದದ್ದು ಹಾಗೆ. 2023ರ ಆಗಸ್ಟ್ 30ರಂದು ನೆಬ್ರಾಸ್ಕಾ ವಿಶ್ವವಿದ್ಯಾಲಯದ ಹುಡುಗಿಯರ ಪಂದ್ಯವನ್ನ ಸ್ಟೇಡಿಯಂನಲ್ಲಿ ಕೂತು ನೋಡಿದವರು 92,003 ಜನ! ನಮ್ಮೂರ ಹೊನಲು ಬೆಳಕಿನ ಪಂದ್ಯಕ್ಕೆ ಸಾವಿರ ಜನ ಸೇರಿದರೆ ನಾವು ಹಿಗ್ಗಿ ಹೀರೇಕಾಯಿ ಆಗ್ತಿದ್ವಿ.

ಎನ್‌ಸಿಎಎ ಅನ್ನೋದು ಈ ಕಾಲೇಜು ಆಟಗಳ ದೊಡ್ಡ ಸಂಸ್ಥೆ. ಅದರಲ್ಲಿ ಮೂರು ವಿಭಾಗ. ಒಂದನೇ ವಿಭಾಗದಲ್ಲೇ ಹುಡುಗಿಯರ ಮುನ್ನೂರಕ್ಕೂ ಹೆಚ್ಚು ತಂಡಗಳಿವೆ. ಎರಡನೇ ವಿಭಾಗದಲ್ಲಿ ಸಾಮಾನ್ಯವಾಗಿ ಅರ್ಧಂಬರ್ಧ ವಿದ್ಯಾರ್ಥಿವೇತನ. ಮೂರನೇ ವಿಭಾಗದಲ್ಲಿ ಆಟಕ್ಕೆ ಅಂತ ಒಂದು ಡಾಲರೂ ಇಲ್ಲ, ಓದಿಗೆ ಕೊಡ್ತಾರೆ. ಹುಡುಗರ ತಂಡಗಳು ಬಹಳ ಕಡಿಮೆ, ಗಂಡುಮಕ್ಕಳಿರೋ ಮನೆಯವರು ಇದನ್ನ ನೆನಪಿಡಿ.

ಇನ್ನು ದಿನಾಂಕದ ವಿಷಯ. 2019ರಲ್ಲಿ ಬಿಗಿಯಾದ ನಿಯಮದ ಪ್ರಕಾರ, ಒಂದನೇ ವಿಭಾಗದ ವಾಲಿಬಾಲ್ ಕೋಚ್ ಒಬ್ಬ ಹುಡುಗಿಯ ಜೊತೆ ಆಯ್ಕೆ ಬಗ್ಗೆ ಮಾತಾಡೋದು ಅವಳು ಅಮೆರಿಕದ ಲೆಕ್ಕದ ಹತ್ತನೇ ತರಗತಿ ಮುಗಿಸಿದ ಮೇಲೆ, ಜೂನ್ 15ರಿಂದ. ಕಾಲೇಜಿಗೆ ಕರೆಸಿಕೊಳ್ಳೋದು ಅದರ ಮುಂದಿನ ಆಗಸ್ಟ್ 1ರಿಂದ. ಅದಕ್ಕೂ ಮುಂಚೆ ಕ್ಯಾಂಪಿನ ಕಾಗದದಂಥವನ್ನ ಮಾತ್ರ ಕಳಿಸಬಹುದು. ಪುಟ್ಟಿಗೆ ಬಂದದ್ದೂ ಅದೇ.

ಇಲ್ಲಿಯ ಕ್ಯಾಲೆಂಡರ್ ಬೇರೆ. ನಮ್ಮ ಮಕ್ಕಳು ಹನ್ನೆರಡನೇ ವರ್ಷ ಮುಗಿಸೋದು ವರ್ಷದ ಕೊನೆಗೆ, ಅಲ್ಲಿ ಕಾಲೇಜು ಶುರುವಾಗೋದು ಮುಂದಿನ ಆಗಸ್ಟ್‌ಗೆ. ಆ ಆಗಸ್ಟ್‌ನಿಂದ ಹಿಂದಕ್ಕೆ ಎಣಿಸಿದರೆ ಕೋಚ್ ಬಾಯಿ ತೆರೆಯೋ ಜೂನ್ ಇಲ್ಲಿಯ ಹನ್ನೊಂದನೇ ವರ್ಷದ ನಡುವೆ ಬರುತ್ತೆ. ಓದು ಮುಗಿಸಿ "ಒಂದೆರಡು ವರ್ಷ ಕ್ಲಬ್ಬಲ್ಲಿ ಆಡಿ ಹೋಗ್ತೀನಿ" ಅಂತ ಕೂತರೆ, ಅಲ್ಲಿ ಆಡೋ ವರ್ಷಗಳಿಗೇ ಕತ್ತರಿ ಬೀಳಬಹುದು. ನಿಯಮಗಳು ಈಚೆಗೆ ಬದಲಾಗ್ತಾನೇ ಇವೆ, ಹಾಗಾಗಿ ಎನ್‌ಸಿಎಎ ಅರ್ಹತಾ ಕೇಂದ್ರದ ತಾಣದಲ್ಲಿ ನೀವೇ ಓದಿ, ನನ್ನ ಮಾತೇ ವೇದವಾಕ್ಯ ಅಂದ್ಕೋಬೇಡಿ.

ಎಲ್ಲಕ್ಕಿಂತ ನನ್ನ ಎದೆ ಧಸಕ್ ಅಂದದ್ದು ಅಂಕದ ವಿಷಯದಲ್ಲಿ. ಅರ್ಹತೆಗೆ ಅವರು ನೋಡೋದು ಹನ್ನೆರಡನೇ ವರ್ಷದ ಅಂಕವನ್ನಷ್ಟೇ ಅಲ್ಲ. ಒಂಬತ್ತನೇ ವರ್ಷದಿಂದಲೇ ಎಣಿಕೆ! ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ಇಂಥ ಮುಖ್ಯ ವಿಷಯಗಳ ಸರಾಸರಿ ಒಂದನೇ ವಿಭಾಗಕ್ಕೆ ನಾಲ್ಕಕ್ಕೆ 2.3, ಎರಡನೇ ವಿಭಾಗಕ್ಕೆ 2.2 ಇರಬೇಕು. ಹೊರದೇಶದ ಮಕ್ಕಳಿಗೆ ಅವರವರ ದೇಶದ ಅಂಕಪಟ್ಟಿಗೆ ತಕ್ಕ ಲೆಕ್ಕ ಇದೆ. ಸ್ಯಾಟ್ ಪರೀಕ್ಷೆಯ ಕಡ್ಡಾಯವನ್ನ ಎನ್‌ಸಿಎಎ 2023ರಲ್ಲಿ ತೆಗೆದುಹಾಕಿತು, ಆದರೆ ಕೆಲವು ಕಾಲೇಜುಗಳು ಈಗಲೂ ಕೇಳುತ್ತವೆ.

ಅಕ್ಕನಿಗೆ ಫೋನ್ ಮಾಡಿ, "ಪುಟ್ಟಿ ಒಂಬತ್ತನೇ ವರ್ಷದ ರಿಪೋರ್ಟ್ ಹೇಗಿದೆ?" ಅಂದೆ.

"ಅದ್ಯಾಕೆ ಈಗ? ಎಚ್‌ಎಸ್‌ಸಿಗೆ ಇನ್ನೂ ಮೂರು ವರ್ಷ ಇದೆ."

ಅದರ ಮುಂದಿನ ವಾರ ಅಕ್ಕ, ಪುಟ್ಟಿ ಇಬ್ಬರೂ ಮೆಲ್ಬರ್ನ್‌ಗೆ ಬಂದರು, ಒಂದು ಪಂದ್ಯಾವಳಿಗೆ. ಡ್ಯಾಂಡೆನಾಂಗ್‌ನಲ್ಲಿ ಸ್ಟೇಟ್ ವಾಲಿಬಾಲ್ ಸೆಂಟರ್ ಇದೆ, ಒಂದೇ ಸೂರಿನಡಿ ಸಾಲು ಸಾಲು ಕೋರ್ಟು. ಅಕ್ಕ ಚಿತ್ರಾನ್ನದ ಡಬ್ಬಿ ಹಿಡಿದು ಕೂತಿದ್ದಳು. ಎರಡು ಪಂದ್ಯದ ನಡುವೆ ಪುಟ್ಟಿ ನನ್ನ ಪಕ್ಕ ಬಂದು ಕೂತಳು.

"ಮಾಮ, ಅಮ್ಮಂಗೆ ಹೇಳ್ಬೇಡ. ಸೈನ್ಸ್ ಅಸೈನ್‌ಮೆಂಟ್ ಎರಡು ಸಬ್ಮಿಟ್ ಮಾಡಿಲ್ಲ. ಟ್ರೈನಿಂಗ್ ಇತ್ತು. ನೈನ್ತ್ ಇಯರ್ ಯಾರು ಕೇಳ್ತಾರೆ ಅಂದ್ಕೊಂಡೆ."

ನನ್ನ ಟ್ರಂಕು ನೆನಪಾಯ್ತು. ಸುಮ್ಮನೆ ಅವಳಿಗೆ ಆ ಕಥೆ ಹೇಳಿದೆ. ಬೈಯಲಿಲ್ಲ. ಬೈಯೋ ಅರ್ಹತೆ ನನಗೆಲ್ಲಿದೆ? ಮೇಷ್ಟ್ರ ಹತ್ತಿರ ಹೋಗಿ ಈಗಲೂ ಕೊಡಬಹುದಾ ಕೇಳು ಅಂದೆ. ವರ್ಷ ಇನ್ನೂ ಮುಗಿದಿಲ್ಲವಲ್ಲ.

ಆಮೇಲೆ ಇನ್ನೊಂದು ಗುಟ್ಟೂ ಹೊರಗೆ ಬಿತ್ತು. ಅವಳ ಎತ್ತರ ಐದಡಿ ನಾಲ್ಕಿಂಚು. ಹುಡುಗಿಯರ ನೆಟ್ಟು 2.24 ಮೀಟರ್. ಅವಳಿಗೆ ಸ್ಮ್ಯಾಶ್ ಹೊಡೆಯೋ ಆಸೆ, ಆದರೆ ಅಮೆರಿಕದ ತಂಡಗಳಲ್ಲಿ ಆ ಜಾಗಕ್ಕೆ ಆರಡಿಯವರು ಸಾಲಲ್ಲಿ ನಿಂತಿರ್ತಾರೆ. 1998ರಲ್ಲಿ ಅಂತರರಾಷ್ಟ್ರೀಯ ಆಟಕ್ಕೆ ಲಿಬೆರೋ ಅನ್ನೋ ಜಾಗ ಬಂತು, ಬೇರೆ ಬಣ್ಣದ ಅಂಗಿ ಹಾಕ್ಕೊಂಡು ಹಿಂದೆ ನಿಂತು ಬರೀ ಚೆಂಡು ಎತ್ತೋರು. ಕುಳ್ಳಗಿರೋ ಚುರುಕಿನವರಿಗೆ ಅದೇ ಬಾಗಿಲು. "ಲಿಬೆರೋ ಆದ್ರೆ ವಿಡಿಯೋದಲ್ಲಿ ಯಾರು ನೋಡ್ತಾರೆ ಮಾಮ?" ಅಂದಳು. ನೋಡ್ತಾರೆ. ಸರ್ವಿಸ್ ತಗೊಳ್ಳೋಕೆ ಬರದ ತಂಡಕ್ಕೆ ಸ್ಮ್ಯಾಶ್ ಹೊಡೆಯೋ ಭಾಗ್ಯವೇ ಇಲ್ಲ ಅಂತ ಸೆಟ್ಟರ್ ಆಗಿದ್ದ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು!

ವಿಡಿಯೋ ಬಗ್ಗೆ ಒಂದು ಮಾತು. ಸಿನಿಮಾ ಟ್ರೇಲರ್ ಮಾಡಬೇಡಿ, ಹಾಡು ಹಾಕಬೇಡಿ. ಮೂರ್ನಾಲ್ಕು ನಿಮಿಷ ಸಾಕು, ಒಳ್ಳೇದು ಮೊದಲಿಗೇ ಬರಲಿ. ಕೋರ್ಟಿನ ಹಿಂದಿನಿಂದ, ಸ್ವಲ್ಪ ಎತ್ತರದಿಂದ ತೆಗೆದರೆ ಆಟಗಾರ್ತಿ ಎಲ್ಲಿ ನಿಲ್ತಾಳೆ ಅನ್ನೋದು ಕಾಣುತ್ತೆ. ಜೊತೆಗೆ ಒಂದು ಪೂರ್ತಿ ಪಂದ್ಯದ ಕೊಂಡಿ ಇರಲಿ. ಎತ್ತರ, ಹಾರಿ ಮುಟ್ಟೋ ಎತ್ತರ, ಆಡೋ ಜಾಗ, ಶಾಲೆ ಮುಗಿಯೋ ವರ್ಷ, ಅಂಕ, ಇಷ್ಟು ಒಂದೇ ಪುಟದಲ್ಲಿ. ಎತ್ತರದಲ್ಲಿ ಒಂದಿಂಚೂ ಸುಳ್ಳು ಬೇಡ. ಮತ್ತೆ ಮೇಲ್ ಬರೆಯೋದು ಹುಡುಗಿಯೇ, ಅಪ್ಪ ಅಮ್ಮ ಅಲ್ಲ. ಕೋಚ್ ತಂಡಕ್ಕೆ ತಗೊಳ್ಳೋದು ಅವಳನ್ನ ತಾನೇ?

ಈಗ ದುಡ್ಡಿನ ವಿಷಯ, ಭಾವ ಕಿವಿ ನೆಟ್ಟಗೆ ಮಾಡಿಕೊಂಡ ಭಾಗ. ಹಿಂದೆ ಒಂದನೇ ವಿಭಾಗದ ಹುಡುಗಿಯರ ತಂಡಕ್ಕೆ 12 ವಿದ್ಯಾರ್ಥಿವೇತನ, ಕೊಟ್ಟರೆ ಪೂರ್ತಿ ಅನ್ನೋ ಪದ್ಧತಿ. 2025ರ ಜೂನ್‌ನಲ್ಲಿ ಒಂದು ದೊಡ್ಡ ಮೊಕದ್ದಮೆಯ ರಾಜಿಗೆ ಕೋರ್ಟು ಒಪ್ಪಿಗೆ ಕೊಟ್ಟ ಮೇಲೆ ಅದು ಹೋಯ್ತು. ರಾಜಿಗೆ ಸೇರಿದ ಕಾಲೇಜುಗಳಲ್ಲಿ ತಂಡದಲ್ಲಿ 18 ಜನರ ಮಿತಿ, ದುಡ್ಡನ್ನ ಹೇಗೆ ಬೇಕಾದರೂ ಹಂಚಬಹುದು. ಅಂದರೆ 'ಸ್ಕಾಲರ್‌ಶಿಪ್ ಕೊಡ್ತೀವಿ' ಅಂದಾಗ ಎಷ್ಟು, ಎಷ್ಟು ವರ್ಷಕ್ಕೆ, ಗಾಯ ಆದರೆ ಏನು ಅಂತ ಕೇಳಲೇಬೇಕು. ಬಾಯಿಮಾತಿಗೆ ಬೆಲೆ ಇಲ್ಲ, ಸಹಿ ಮಾಡಿದ ಒಪ್ಪಂದ ಬರೋವರೆಗೂ ಊರಿಗೆಲ್ಲಾ ಪೇಡಾ ಹಂಚಬೇಡಿ. ಅಲ್ಲೇ ಬೇರೆ ಕಾಲೇಜಲ್ಲಿ ಎರಡು ವರ್ಷ ಆಡಿ ಪಳಗಿದವರು ಈಗ ಸುಲಭವಾಗಿ ಕಾಲೇಜು ಬದಲಾಯಿಸ್ತಾರೆ, ಹೊಸ ಮಕ್ಕಳಿಗೆ ಅವರದೂ ಪೈಪೋಟಿ. ವಿದ್ಯಾರ್ಥಿ ವೀಸಾದಲ್ಲಿ ಹೋದವರು ಜಾಹೀರಾತಿನಿಂದ ದುಡಿಯೋದೂ ಕಷ್ಟ. ಊಟ ವಸತಿಗೆ ಕೊಡೋ ಭಾಗದ ಮೇಲೆ ಸಾಮಾನ್ಯವಾಗಿ ತೆರಿಗೆಯೂ ಇದೆ. ಇಲ್ಲೇ ಓದಿದರೆ ಆಸ್ಟ್ರೇಲಿಯಾದ ಪ್ರಜೆಗಳಿಗೆ ಹೆಕ್ಸ್ ಸಾಲ ಸಿಗುತ್ತೆ, ಸಂಬಳ ಬರೋಕೆ ಶುರುವಾದ ಮೇಲೆ ತೀರಿಸಿದರಾಯ್ತು. ಅಲ್ಲಿಯ ಡಿಗ್ರಿಗೆ ಆ ಸಾಲ ಸಿಗಲ್ಲ.

ಇಷ್ಟರ ಮಧ್ಯೆ 'ನಾವೆಲ್ಲಾ ನೋಡ್ಕೋತೀವಿ' ಅಂತ ಏಜೆನ್ಸಿಯೊಂದು ಅಕ್ಕನ ಹಿಂದೆ ಬಿದ್ದಿತ್ತು. ಕೇಳಿದ್ದು ಕೆಲವು ಸಾವಿರ ಡಾಲರ್. ಒಳ್ಳೇ ಏಜೆಂಟರೂ ಇರಬಹುದು, ಇಲ್ಲ ಅನ್ನಲ್ಲ. ಆದರೆ ಮೇಲೆ ಬರೆದದ್ದೆಲ್ಲಾ ಬಿಟ್ಟಿಯಾಗಿ ಮಾಡಬಹುದಾದ ಕೆಲಸ. ಭಾವನ ಕೈಲಿ ಒಂದು ಸ್ಪ್ರೆಡ್‌ಶೀಟ್ ಮಾಡಿಸಿದೆ. ಇಪ್ಪತ್ತು ಕಾಲೇಜು, ಕೋಚ್ ಹೆಸರು, ಅವಳ ವರ್ಷಕ್ಕೆ ಹಿಂದಿನ ಸಾಲಿನಲ್ಲಿ ಎಷ್ಟು ಜಾಗ ಖಾಲಿ ಆಗುತ್ತೆ, ಯಾವ ಕೋರ್ಸು. ಭಾವ ಮೊದಲ ಸಲ ವಾಲಿಬಾಲ್ ಬಗ್ಗೆ ಆಸಕ್ತಿ ತೋರಿಸಿದ್ದು ಆ ಎಕ್ಸೆಲ್ ಶೀಟಿನಲ್ಲಿ :)

ಡ್ಯಾಂಡೆನಾಂಗ್‌ನಿಂದ ವಾಪಸ್ ಬರುವಾಗ ಕಾರಲ್ಲಿ ಪುಟ್ಟಿಗೆ ಒಂದೇ ಪ್ರಶ್ನೆ ಕೇಳಿದೆ. "ಹೋದ ಮೊದಲ ವಾರವೇ ಮಂಡಿ ಪೆಟ್ಟಾಗಿ ಆಟ ನಿಂತಿತು ಅಂದ್ಕೋ. ಆ ಊರಲ್ಲಿ, ಆ ಕಾಲೇಜಲ್ಲಿ, ಆ ಕೋರ್ಸಲ್ಲಿ ಇರ್ತೀಯಾ?"

ತುಂಬಾ ಹೊತ್ತು ಕಿಟಕಿ ಆಚೆ ನೋಡಿದಳು. "ಗೊತ್ತಿಲ್ಲ ಮಾಮ. ಆದ್ರೆ ಫಿಸಿಯೋಥೆರಪಿ ಓದ್ಬೇಕು ಅಂತಿದೆ. ಎಲ್ಲಾದ್ರೂ ಸರಿ. ಬ್ರಿಸ್ಬೇನ್ ಒಲಿಂಪಿಕ್ಸಲ್ಲಿ ಆಡ್ಬೇಕು ಅಂತಾನೂ ಇದೆ." ಅದು 2032ಕ್ಕೆ. ಹಿಂದಿನ ಸೀಟಲ್ಲಿ ಅಕ್ಕ ತುಟಿ ಪಿಟಕ್ ಅನ್ನಲಿಲ್ಲ. ಮಗಳು ಏನು ಓದಬೇಕು ಅಂತಿದಾಳೆ ಅನ್ನೋದು ಅವಳಿಗೂ ಅವತ್ತೇ ಗೊತ್ತಾದದ್ದು ಅನ್ಸುತ್ತೆ.

ಅವಳು ಅಮೆರಿಕಕ್ಕೆ ಹೋಗ್ತಾಳೋ ಇಲ್ವೋ ನನಗೆ ಗೊತ್ತಿಲ್ಲ. ಹೋಗದಿದ್ದರೂ ನಷ್ಟವಿಲ್ಲ. ಇಲ್ಲಿಯ ಎಷ್ಟೋ ವಿಶ್ವವಿದ್ಯಾಲಯಗಳು ಉನ್ನತ ಮಟ್ಟದಲ್ಲಿ ಆಡೋ ಮಕ್ಕಳಿಗೆ ಪ್ರವೇಶದಲ್ಲಿ ಸ್ವಲ್ಪ ರಿಯಾಯಿತಿ ಕೊಡ್ತವೆ, ಪರೀಕ್ಷೆ ದಿನಾಂಕ ಹೊಂದಿಸ್ತವೆ. ಒಂಬತ್ತನೇ ವರ್ಷದಲ್ಲಿ ಕೂಡಿಟ್ಟ ಅಂಕ ಎಲ್ಲೂ ವ್ಯರ್ಥ ಆಗಲ್ಲ.

ನಿನ್ನೆ ರಾತ್ರಿ ಪುಟ್ಟಿ ಎರಡು ಕಳಿಸಿದ್ದಾಳೆ. ಒಂದು, ಸೈನ್ಸ್ ಮೇಷ್ಟ್ರ ಉತ್ತರ, ತಡವಾದ್ದಕ್ಕೆ ಅಂಕ ಕಳೆದು ತಗೋತಾರಂತೆ. ಇನ್ನೊಂದು, ಅವಳ ಹೊಸ ವಿಡಿಯೋ. ಮೊದಲ ತುಣುಕಿನಲ್ಲಿ ಸ್ಮ್ಯಾಶ್ ಇಲ್ಲ. ಎದುರಿನ ಹುಡುಗಿ ಇನ್ನೂ ಹೊಡೆಯೋಕೆ ಹಾರ್ತಿದಾಳೆ, ನಮ್ಮ ಪುಟ್ಟಿ ಆಗಲೇ ಎಡಕ್ಕೆ ಎರಡು ಹೆಜ್ಜೆ ಸರಿದು ಮಂಡಿ ಬಗ್ಗಿಸಿ ಕಾಯ್ತಿದಾಳೆ. ಚೆಂಡು ನೇರ ಅವಳ ಕೈಗೇ ಬಂತು.

ನಿಮ್ಮ ಮನೆಯಲ್ಲೂ ಇಂಥ ಪುಟ್ಟಿ ಇದ್ದರೆ ಇವತ್ತೇ ಆ ರಿಪೋರ್ಟ್ ಕಾರ್ಡ್ ತೆಗೆದು ನೋಡಿ. ಟ್ರಂಕಿನಲ್ಲಿ ಮಾತ್ರ ಇಡಬೇಡಿ, ಆಯ್ತಾ?